ನೆಲವನ್ನು ನಂಬಲಾಗದ ದ್ವೀಪದಿಂದ ಗೆಳೆಯನಿಗೊಂದು ಪತ್ರ

ಪ್ರಿಯ ಗೆಳೆಯಾ,

ನಿನ್ನ ಪತ್ರಕ್ಕೆ ಉತ್ತರಿಸುವುದು ತಡವಾಯಿತು, ಕ್ಷಮಿಸು. ಗ್ರೀಸ್ ಎಂದರೆ ಸುಣ್ಣ ಬಳಿದ ಗೋಡೆ, ನೀಲಿ ಗುಮ್ಮಟ ಎಂದು ನಂಬಿರುವ ನೀನು, ಅವೆರಡಕ್ಕೂ ಹೆಸರಾಗದ ಕೆಫಲೋನಿಯಾಕ್ಕೆ ನಾನು ಹೋದದ್ದೇಕೆ, ಅಲ್ಲಿಗೆ ನಾಲ್ಕು ದಿನ ಸಾಕೇ ಎಂದು ಕೇಳಿದ್ದೀಯೆ. ಎರಡನೆಯ ಪ್ರಶ್ನೆಗೆ ಮೊದಲೇ ಹೇಳಿಬಿಡುತ್ತೇನೆ: ಸಾಲದು.

ಗ್ರೀಸಿನ ಪಶ್ಚಿಮಕ್ಕೆ, ಅಯೋನಿಯನ್ ಸಮುದ್ರದಲ್ಲಿರುವ ಈ ದ್ವೀಪದ ತುಂಬ ಬೆಟ್ಟಗಳೇ. ಅವುಗಳಲ್ಲಿ ದೊಡ್ಡದಾದ ಐನೋಸ್ 1,628 ಮೀಟರ್ ಎತ್ತರವಿದೆ. ನಮ್ಮ ಮುಳ್ಳಯ್ಯನಗಿರಿಗಿಂತ ಮುನ್ನೂರು ಮೀಟರ್ ಗಿಡ್ಡ ನಿಜ, ಆದರೆ ಕಡಲ ಮಟ್ಟದಲ್ಲಿ ನಿಂತು ಕತ್ತೆತ್ತಿದವನಿಗೆ ಆ ಲೆಕ್ಕ ನೆನಪಾಗುವುದಿಲ್ಲ. ಅದರ ನೆತ್ತಿಯ ಮೇಲೆ ದ್ವೀಪದ ಹೆಸರನ್ನೇ ಹೊತ್ತ ಒಂದು ಜಾತಿಯ ಫರ್ ಎಂಬ ಸೂಜಿಯೆಲೆಯ ಮರಗಳ ಕಾಡಿದೆ. ದೂರದಿಂದ ಅದು ಕಪ್ಪಾಗಿ ಕಾಣುವುದರಿಂದ ಹಿಂದೆ ದ್ವೀಪವನ್ನು ಆಳಿದ ವೆನಿಸ್‌ನವರು ಈ ಬೆಟ್ಟವನ್ನು ಕರಿಬೆಟ್ಟವೆಂದೇ ಕರೆಯುತ್ತಿದ್ದರು.

ನನ್ನನ್ನು ಹಿಡಿದು ನಿಲ್ಲಿಸಿದ್ದು ಮಾತ್ರ ಬೆಟ್ಟವಲ್ಲ, ಮುಖ್ಯ ಪಟ್ಟಣವಾದ ಅರ್ಗೊಸ್ತೋಲಿಯ ಅಂಚಿನಲ್ಲಿರುವ ಕೆಲವು ಬಿಲಗಳು. ಅಲ್ಲಿ ಸಮುದ್ರದ ನೀರು ದಡದ ಬಂಡೆಗಳ ಸಂದಿಗೆ ನುಗ್ಗಿ ನೆಲದೊಳಗೆ ಮಾಯವಾಗುತ್ತದೆ. ಹೊಳೆ ಕಡಲಿಗೆ ಹರಿಯುವುದನ್ನು ನೋಡಿ ಬೆಳೆದ ನಮ್ಮಂಥವರಿಗೆ ಕಡಲೇ ನೆಲಕ್ಕೆ ಹರಿಯುವುದನ್ನು ನೋಡಿದರೆ ಏನೋ ತಪ್ಪಾಗಿದೆ ಎನ್ನಿಸುತ್ತದೆ. 19ನೆಯ ಶತಮಾನದಲ್ಲಿ ಈ ಸೆಳೆತದಿಂದಲೇ ಹಿಟ್ಟಿನ ಗಿರಣಿಗಳನ್ನು ನಡೆಸುತ್ತಿದ್ದರು. ಆ ನೀರು ಎಲ್ಲಿಗೆ ಹೋಗುತ್ತದೆ ಎಂಬುದನ್ನು 1963ರಲ್ಲಿ ಆಸ್ಟ್ರಿಯಾದ ವಿಜ್ಞಾನಿಗಳು ಪತ್ತೆಹಚ್ಚಿದರು: ಅವರು ಬಿಲಕ್ಕೆ ಸುರಿದ ಬಣ್ಣ ಸುಮಾರು ಎರಡು ವಾರಗಳ ನಂತರ ದ್ವೀಪದ ಮತ್ತೊಂದು ಮಗ್ಗುಲಿನ ಸಾಮಿಯ ಬಳಿ, ಮೆಲಿಸ್ಸಾನಿ ಎಂಬ ಗುಹೆಯ ಕೊಳದಲ್ಲಿ ಕಾಣಿಸಿಕೊಂಡಿತು. ಸುಣ್ಣಕಲ್ಲಿನ ಬೆಟ್ಟಗಳ ಅಡಿಯಲ್ಲಿ, ಯಾರ ಕಣ್ಣಿಗೂ ಬೀಳದೆ, ಇಡೀ ದ್ವೀಪವನ್ನು ದಾಟಿ ಬಂದ ನೀರು ಅದು. ಆ ಗುಹೆಯ ಚಾವಣಿ ಎಂದೋ ಕುಸಿದಿರುವುದರಿಂದ ನಡುಹಗಲಿನಲ್ಲಿ ಬಿಸಿಲು ನೇರವಾಗಿ ಕೊಳಕ್ಕೆ ಬಿದ್ದು, ದೋಣಿ ಗಾಳಿಯಲ್ಲಿ ತೇಲಿದಂತೆ ಕಾಣುತ್ತದೆ. ಬೆಳಿಗ್ಗೆ ಹೋಗಿ ಪೆಚ್ಚಾಗಿ ಬಂದ ನಾನು ಮರುದಿನ ಹನ್ನೆರಡು ಗಂಟೆಗೆ ಮತ್ತೆ ಹೋಗಿ ದುಡ್ಡು ಕೊಟ್ಟೆ.

ಬಿಲಗಳ ಸೆಳೆತ ಈಗ ಹಿಂದಿನಷ್ಟಿಲ್ಲ. 1953ರ ಆಗಸ್ಟ್‌ನಲ್ಲಿ ಕೆಲವೇ ದಿನಗಳ ಅಂತರದಲ್ಲಿ ಸಂಭವಿಸಿದ ಭೂಕಂಪಗಳು ನೆಲವನ್ನೇ ಅರ್ಧ ಮೀಟರಿನಷ್ಟು ಮೇಲೆತ್ತಿದವು. 1500ರಿಂದ 1797ರವರೆಗೆ ಆಳಿದ ವೆನಿಸ್‌ನವರ ಕಾಲದಿಂದ ಬೆಳೆದು ಬಂದ ಊರುಗಳು ಆಗ ನೆಲಸಮವಾದವು. ಉತ್ತರದ ತುದಿಯ ಫಿಸ್ಕಾರ್ಡೊ ಮಾತ್ರ ಹೆಚ್ಚು ಹಾನಿಯಿಲ್ಲದೆ ಉಳಿಯಿತು. ಎಷ್ಟೋ ಕುಟುಂಬಗಳು ದ್ವೀಪವನ್ನೇ ಬಿಟ್ಟು ಹೊರದೇಶಗಳಿಗೆ ಹೋದವು. ಅರ್ಗೊಸ್ತೋಲಿಯ ಕಾಂಕ್ರೀಟ್ ಮನೆಗಳನ್ನು ಕಂಡು ಮೊದಲ ದಿನ ಮೂಗು ಮುರಿದಿದ್ದೆ. 2014ರಲ್ಲಿ 6ರ ಆಸುಪಾಸಿನ ತೀವ್ರತೆಯ ಎರಡು ಭೂಕಂಪಗಳಾದರೂ ಇಲ್ಲಿ ಒಂದು ಜೀವವೂ ಹೋಗಲಿಲ್ಲ ಎಂದು ತಿಳಿದ ಮೇಲೆ ಆ ಮನೆಗಳನ್ನು ಬೇರೆ ಕಣ್ಣಿನಿಂದ ನೋಡತೊಡಗಿದೆ.

ನೆಲದ ಕೋಪವಲ್ಲದೆ ಮನುಷ್ಯರ ಕ್ರೌರ್ಯವನ್ನೂ ಈ ದ್ವೀಪ ಕಂಡಿದೆ. 1943ರ ಸೆಪ್ಟೆಂಬರ್‌ನಲ್ಲಿ, ಇಟಲಿ ಯುದ್ಧದಿಂದ ಹಿಂದೆ ಸರಿದ ಮೇಲೆ ಜರ್ಮನರಿಗೆ ಆಯುಧ ಒಪ್ಪಿಸದೆ ಹೋರಾಡಿದ, ಇಲ್ಲಿ ಬೀಡುಬಿಟ್ಟಿದ್ದ ಆಕ್ವಿ ದಳದ ಸಾವಿರಾರು ಇಟಾಲಿಯನ್ ಸೈನಿಕರನ್ನು, ಅವರು ಶರಣಾದ ಬಳಿಕವೂ, ಜರ್ಮನ್ ಪಡೆಗಳು ಗುಂಡಿಟ್ಟು ಕೊಂದವು. ಊರ ಹೊರಗಿನ ಅವರ ಸ್ಮಾರಕದ ಬಳಿ ನಾನಿದ್ದಷ್ಟು ಹೊತ್ತು ಬೇರೆ ಯಾರೂ ಬರಲಿಲ್ಲ.

ಕಡಲತೀರಗಳ ಬಗ್ಗೆ ನೀನು ಆಸೆಯಿಂದ ಕೇಳಿದ್ದೀಯೆ. ಚಿತ್ರಗಳಲ್ಲೆಲ್ಲ ಕಾಣುವ ಮಿರ್ತೋಸ್ ಅನ್ನು ಮೇಲಿನ ರಸ್ತೆಯ ತಿರುವಿನಿಂದ ನೋಡುವುದೇ ಚೆಂದ. ಕೆಳಗಿಳಿದರೆ ಬಿಳಿಯ ಬೆಣಚುಕಲ್ಲುಗಳು ಅಂಗಾಲು ಸುಡುತ್ತವೆ, ನೀರು ನಾಲ್ಕು ಹೆಜ್ಜೆಗೇ ಆಳವಾಗುತ್ತದೆ. ಮಕ್ಕಳನ್ನು ಕರೆತರುವೆಯಾದರೆ ಕೆಂಪು ಮರಳಿನ, ಆಳವಿಲ್ಲದ ನೀರಿನ ಕ್ಸಿ ತೀರಕ್ಕೆ ಹೋಗು. ಬೆಳಗಿನ ಹೊತ್ತು ಅರ್ಗೊಸ್ತೋಲಿಯ ಧಕ್ಕೆಯಲ್ಲಿ ಮೀನುದೋಣಿಗಳ ಸುತ್ತ ದೊಡ್ಡ ಕಡಲಾಮೆಗಳು ಬಂದು ತಿನ್ನಲು ಕಾಯುತ್ತವೆ. ಹೊನ್ನಾವರದ ಕಾಸರಕೋಡಿನ ಮರಳಿನಲ್ಲಿ ಮೊಟ್ಟೆಯಿಡುವ ಆಮೆಗಳಿಗಿಂತ ಇವುಗಳ ತಲೆ ಬಲು ದಪ್ಪ.

ಆಗಸ್ಟ್‌ನ ಜನಜಂಗುಳಿಯನ್ನು ಬಿಟ್ಟು ಸೆಪ್ಟೆಂಬರ್‌ನಲ್ಲಿ ಬಾ. ಘಟ್ಟದ ತಿರುವುಗಳಿಗೆ ಹೆದರದ ಡ್ರೈವರ್ ಜೊತೆಗಿರಲಿ. ಬಂದಿಳಿದ ದಿನ ಯಾವ ತೀರಕ್ಕೂ ಹೋಗದೆ, ಮೊದಲು ಆ ಬಿಲಗಳ ಬಳಿ ಕಾಲು ಗಂಟೆ ಸುಮ್ಮನೆ ನಿಂತು ನೀರಿನ ಸದ್ದು ಕೇಳು.

ಇಂತಿ ನಿನ್ನ
ಗೆಳೆಯ