ಲೀಡ್ಸಿಂದ ಬ್ರಹ್ಮಾವರಕ್ಕೆ: ಕೆಲಸದ ವಿಷಯ

ಪ್ರೀತಿಯ ಅಪ್ಪ, ಅಮ್ಮ, ಪುಟ್ಟಿ,

ಎಲ್ರೂ ಹುಷಾರಿದ್ದೀರಲ್ವಾ? ಅಜ್ಜಿಯ ಕಾಲುಗಂಟು ನೋವು ಈಗ ಹೇಗುಂಟು? ಇಲ್ಲಿ ಇಂಗ್ಲೆಂಡಲ್ಲಿ ಚಳಿ ಜೋರಾಗಿದೆ, ಸಂಜೆ ನಾಲ್ಕೂವರೆಗೆಲ್ಲ ಕತ್ತಲು. ಅಮ್ಮ ಕಟ್ಟಿಕೊಟ್ಟ ಕುಚ್ಚಲಕ್ಕಿ ಇನ್ನೂ ಸ್ವಲ್ಪ ಉಂಟು, ಗಂಜಿ ಮಾಡಿ ಮಿಡಿ ಉಪ್ಪಿನಕಾಯಿ ಹಾಕಿಕೊಂಡು ಉಣ್ತಾ ಇದ್ದೇನೆ, ಊಟದ ಚಿಂತೆ ಮಾಡ್ಬೇಡಿ.

ಅಪ್ಪ, ಮೊನ್ನೆ ಫೋನಲ್ಲಿ ನೀವು ಕೇಳಿದ್ರಲ್ಲ, ಅಲ್ಲಿ ಕಾಲೇಜಿಗೇ ಕಂಪೆನಿಯವ್ರು ಬಂದು ಕೆಲ್ಸ ಕೊಡ್ತಾರಾ ಅಂತ, ಆಗ ಲೈನ್ ಕಟ್ ಆಗಿ ಸರಿಯಾಗಿ ಹೇಳ್ಲಿಕ್ಕೆ ಆಗ್ಲಿಲ್ಲ. ಅಷ್ಟು ಸಾಲ ಮಾಡಿ ಕಳ್ಸಿದ್ದೀರಿ, ನೀವು ಕೇಳುವುದು ನ್ಯಾಯವೇ, ಅದಕ್ಕೇ ಪುರುಸೊತ್ತು ಮಾಡ್ಕೊಂಡು ಬರೀತಿದ್ದೇನೆ. ಪುಟ್ಟಿ, ನೀನೂ ಪೂರ್ತಿ ಓದ್ಬೇಕು ಆಯ್ತಾ, ಫೈನಲ್ ಬಿಕಾಂ ಅಂದ್ರೆ ಈ ವಿಷಯ ಅಪ್ಪನಿಗಿಂತ ನಿನಗೇ ಹೆಚ್ಚು ಬೇಕಾದ್ದು.

ನಮ್ಮಲ್ಲಿಯ ಹಾಗೆ ಪ್ಲೇಸ್‌ಮೆಂಟ್ ಅಂತ ಇಲ್ಲಿಲ್ಲ. ಅಂದ್ರೆ ಕಂಪೆನಿ ಬರ್ತದೆ, ಎಲ್ರಿಗೂ ಒಟ್ಟಿಗೆ ಆಪ್ಟಿಟ್ಯೂಡ್ ಟೆಸ್ಟ್ ಇಡ್ತದೆ, ಸಂಜೆ ಒಳಗೆ ಲಿಸ್ಟ್ ಹಾಕ್ತದೆ, ಹಾಗೆ ನಡೆಯುವುದಿಲ್ಲ. ಅದರ ಬದ್ಲು ಪ್ರತಿ ಯೂನಿವರ್ಸಿಟಿಯಲ್ಲೂ ಕೆರಿಯರ್ಸ್ ಸರ್ವಿಸ್ ಅಂತ ಒಂದು ಆಫೀಸು ಉಂಟು. ಅವ್ರು ಕೆಲ್ಸ ಕೊಡಿಸ್ಲಿಕ್ಕೆ ಕೂತವ್ರಲ್ಲ, ಕೆಲ್ಸ ಹುಡ್ಕುವುದು ಹೇಗೆ, ನಮ್ಮ ಹತ್ರ ಎಂತ ಉಂಟು ಅಂತ ಎದುರಿನವ್ರಿಗೆ ಹೇಳುವುದು ಹೇಗೆ ಅಂತ ಕಲಿಸ್ಲಿಕ್ಕೆ ಇರುವವ್ರು. ಇದು ಹೊಸ ವ್ಯವಸ್ಥೆಯೂ ಅಲ್ಲ, ಆಕ್ಸ್‌ಫರ್ಡಲ್ಲಿ 1892ರಲ್ಲೇ ಇಂಥದ್ದೊಂದು ಸಮಿತಿ ಮಾಡಿದ್ರಂತೆ, ಈ ಕೆಲ್ಸ ಮಾಡುವವ್ರದ್ದೇ ಒಂದು ಸಂಘ 1967ರಿಂದ ಉಂಟು. ಓದಿ ಹೋದವ್ರನ್ನು ಸುಮ್ನೆ ಬಿಡುವುದೂ ಇಲ್ಲ, ಕೋರ್ಸ್ ಮುಗಿದು 15 ತಿಂಗಳಿಗೆ ಈಗ ಎಲ್ಲಿದ್ದೀ, ಎಂತ ಮಾಡ್ತಿದ್ದೀ ಅಂತ ಇಡೀ ದೇಶದಲ್ಲಿ ಸರ್ವೆ ಮಾಡ್ತಾರೆ, ಗ್ರಾಜುಯೇಟ್ ಔಟ್‌ಕಮ್ಸ್ ಅಂತ ಹೆಸ್ರು. ಮುಂಚೆ 6 ತಿಂಗಳಿಗೇ ಕೇಳ್ತಿದ್ರಂತೆ. 15 ತಿಂಗಳೇ ಸರಿ ಅಂತ ನನಗೆ ಕಾಣ್ತದೆ, ಆರು ತಿಂಗಳಲ್ಲಿ ಯಾರ ಬದುಕು ಎಂತ ಗೊತ್ತಾಗ್ತದೆ ಹೇಳಿ.

ನಮ್ಮದು ಒಂದೇ ವರ್ಷದ ಮಾಸ್ಟರ್ಸ್, ಸೆಪ್ಟೆಂಬರಲ್ಲಿ ಕ್ಲಾಸ್ ಶುರುವಾದ್ರೆ ಕೆಲವು ದೊಡ್ಡ ಕಂಪೆನಿಗಳು ಮರುವರ್ಷದ ಕೆಲ್ಸಕ್ಕೆ ಅಕ್ಟೋಬರ್ ನವೆಂಬರಲ್ಲೇ ಅರ್ಜಿ ಮುಗಿಸಿ ಬಿಡ್ತಾವೆ. ಬಸ್ ಎಲ್ಲಿ ಸಿಗ್ತದೆ ಅಂತ ಗೊತ್ತಾಗುವ ಮುಂಚೆ ಸಿವಿ ರೆಡಿ ಇರ್ಬೇಕು. ಹಾಗಾಗಿ ಮೊದಲೇ ಅಪಾಯಿಂಟ್‌ಮೆಂಟ್ ತೆಗೆದುಕೊಂಡು ಕೆರಿಯರ್ಸ್ ಸರ್ವಿಸ್‌ಗೆ ಹೋದೆ, ಒಬ್ರು ಮೇಡಂ ಇದ್ರು, ನಮ್ಮ ದೊಡ್ಡಮ್ಮನ ಪ್ರಾಯ ಇರ್ಬಹುದು.

ನಮ್ಮ ಕಡೆಯ ಬಯೋಡೇಟಾ ಗೊತ್ತುಂಟಲ್ಲ, ಮೇಲೆ ಪಾಸ್‌ಪೋರ್ಟ್ ಸೈಜ್ ಫೋಟೋ, ತಂದೆಯ ಹೆಸ್ರು, ಹುಟ್ಟಿದ ತಾರೀಕು, ಮದುವೆ ಆಗಿದ್ಯಾ ಇಲ್ವಾ, ಕೆಳಗೆ ಇದೆಲ್ಲ ಸತ್ಯ ಅಂತ ಡಿಕ್ಲರೇಷನ್, ಸಹಿ. ಇಲ್ಲಿ ಅದ್ಯಾವುದನ್ನೂ ಹಾಕುವ ಕ್ರಮ ಇಲ್ಲ. ಪ್ರಾಯ, ಧರ್ಮ, ಜನಾಂಗ, ಮದುವೆ ಇದನ್ನೆಲ್ಲ ನೋಡಿ ಕೆಲ್ಸದಲ್ಲಿ ಭೇದ ಮಾಡ್ಬಾರ್ದು ಅಂತ 2010ರ ಈಕ್ವಾಲಿಟಿ ಆಕ್ಟ್ ಹೇಳ್ತದೆ, ಹಾಗಾಗಿ ಕಂಪೆನಿಯವ್ರಿಗೇ ಅದೆಲ್ಲ ಬೇಡ. ಎರಡು ಪುಟ, ಅದರಲ್ಲಿ ನೀನು ಮಾಡಿದ ಕೆಲ್ಸ, ಅಷ್ಟೆ.

ಆಮೇಲೆ ಮೇಡಂ ನನ್ನ ಸಿವಿಯ ಒಂದು ಸಾಲಿನ ಮೇಲೆ ಪೆನ್ನಿಟ್ಟು ನಿಲ್ಲಿಸಿದ್ರು. "ಗುಡ್ ಕಮ್ಯುನಿಕೇಷನ್ ಸ್ಕಿಲ್ಸ್, ಹಾರ್ಡ್ ವರ್ಕಿಂಗ್, ಟೀಮ್ ಪ್ಲೇಯರ್" ಅಂತ ಎಲ್ರೂ ಬರೀತಾರಲ್ಲ, ಅದೇ ಸಾಲು. ಇದಕ್ಕೆ ಸಾಕ್ಷಿ ಎಂತ ಅಂತ ಕೇಳಿದ್ರು. ಕಾಲೇಜು ರಜೆಯಲ್ಲಿ ಎಂತ ಮಾಡ್ತಿದ್ದೆ? ಅಪ್ಪನ ಅಂಗಡಿಯಲ್ಲಿ ಕೂರ್ತಿದ್ದೆ ಅಂದೆ. ಕೂತು ಎಂತ ಮಾಡ್ತಿದ್ದೆ? ಬಿಲ್ ಮಾಡ್ತಿದ್ದೆ. ಬಿಲ್ ಮಾತ್ರವಾ? ಹೀಗೆ ಒಂದೊಂದೇ ಕೇಳ್ತಾ ಹೋದ್ರು, ನಾನೂ ಹೇಳ್ತಾ ಹೋದೆ. ಅಪ್ಪ, ಅಷ್ಟಮಿ ಸಮಯದ್ದು ನೆನಪುಂಟಾ ನಿಮಗೆ, ಪ್ರತಿ ಸಲ ಉಂಡೆ ಚಕ್ಕುಲಿ ಮಾಡುವವ್ರಿಗೆ ಅಂತ ಎಳ್ಳು ಜಾಸ್ತಿ ತರಿಸಿ ಅದು ಮಳೆಗಾಲದ ಥಂಡಿಗೆ ಹಾಳಾಗಿ ಬಿಸಾಡುವುದು, ಬೆಲ್ಲ ಮಾತ್ರ ಹಬ್ಬದ ಹಿಂದಿನ ದಿನವೇ ಖಾಲಿ ಆಗಿ ಗಿರಾಕಿಗಳು ಆಚೆ ಅಂಗಡಿಗೆ ಹೋಗುವುದು, ಅದಕ್ಕೆ ನಾನು ಹಿಂದಿನ ಎರಡು ವರ್ಷದ ಬಿಲ್ ಎಲ್ಲ ಎಕ್ಸೆಲ್‌ಗೆ ಹಾಕಿ ಯಾವ್ದು ಎಷ್ಟು ಹೋಗಿದೆ ಅಂತ ನೋಡಿ ನಿಮಗೆ ಲಿಸ್ಟ್ ಕೊಟ್ಟದ್ದು, ಆ ವರ್ಷ ಎಳ್ಳು ಹೆಚ್ಚುಕಮ್ಮಿ ಎಲ್ಲ ಖರ್ಚಾದದ್ದು. ಇದನ್ನು ಹೇಳಿದ ಕೂಡ್ಲೇ ಮೇಡಂ ಹೇಳಿದ್ರು, ನೀನು ಓದ್ಲಿಕ್ಕೆ ಬಂದ ಸಪ್ಲೈ ಚೈನ್ ಅಂದ್ರೆ ಇದೇ ಅಲ್ವಾ, ಇದು ಡಿಮಾಂಡ್ ಫೋರ್‌ಕಾಸ್ಟಿಂಗ್, ಅಂದ್ರೆ ಯಾವ್ದು ಎಷ್ಟು ಬೇಕಾಗ್ತದೆ ಅಂತ ಮೊದ್ಲೇ ಅಂದಾಜು ಮಾಡುವುದು, ಇದು ಸಿವಿಯಲ್ಲಿ ಎಲ್ಲಿ ಉಂಟು?

ಈಗ ಆ ಸಾಲು ಹೋಗಿ ಹೀಗೆ ಬಂದಿದೆ: "ಕುಟುಂಬದ ದಿನಸಿ ಅಂಗಡಿಯಲ್ಲಿ ಎರಡು ವರ್ಷದ ಹಬ್ಬದ ಮಾರಾಟದ ಲೆಕ್ಕ ಎಕ್ಸೆಲಲ್ಲಿ ತುಲನೆ ಮಾಡಿ, ಯಾವ ಮಾಲು ಎಷ್ಟು ತರಿಸಬೇಕು ಅಂತ ಅಂದಾಜು ಕೊಟ್ಟು, ಉಳಿದು ಹಾಳಾಗುವುದನ್ನು ಕಡಿಮೆ ಮಾಡಿದೆ." ಇಂಗ್ಲಿಷಲ್ಲಿ ಎರಡೇ ಸಾಲು. ಬಂದ ಎರಡೂ ಇಂಟರ್‌ವ್ಯೂಗಳಲ್ಲಿ ಅವ್ರು ಕೇಳಿದ್ದು ಇದರ ಬಗ್ಗೆಯೇ.

ಪುಟ್ಟಿ, ನಾನು ನಿನಗೆ ಹೇಳ್ಬೇಕಂತ ಇದ್ದದ್ದು ಇದನ್ನೇ. ನಮ್ಮ ಊರಿನ ಮಕ್ಕಳಿಗೆ ಕೆಲ್ಸ ಗೊತ್ತಿಲ್ಲ ಅಂತ ಅಲ್ಲ ಮಾರಾಯ್ತಿ, ಮಾಡಿದ ಕೆಲ್ಸವನ್ನು ಕೂರ್ಸಿ ಕೇಳುವವ್ರು ಇಲ್ಲ. ನೀನು ಕಾಲೇಜು ಫೆಸ್ಟಿಗೆ ಸ್ಪಾನ್ಸರ್ ಹುಡ್ಕಿಕೊಂಡು ಉಡುಪಿ ಪೂರಾ ತಿರುಗಿದ್ದು, ದೇವಸ್ಥಾನದ ಅನ್ನಸಂತರ್ಪಣೆ ದಿನ ಬಡಿಸುವ ಹುಡುಗ್ರನ್ನೆಲ್ಲ ಪಂಕ್ತಿ ಪಂಕ್ತಿಗೆ ಹಂಚಿ ನಿಲ್ಲಿಸಿದ್ದು, ಇದೆಲ್ಲ ಕೆಲ್ಸವೇ. ಇವತ್ತೇ ಒಂದು ನೋಟ್‌ಬುಕ್ ತೆಗೆದುಕೊಂಡು ಬರಿ. ಅದಕ್ಕೂ ಇಲ್ಲಿ ಒಂದು ಕ್ರಮ ಹೇಳಿಕೊಡ್ತಾರೆ, ಸ್ಟಾರ್ ಅಂತ: ಸಂದರ್ಭ ಎಂತದ್ದು, ಅದ್ರಲ್ಲಿ ನಿನ್ನ ಜವಾಬ್ದಾರಿ ಎಂತ, ನೀನು ಎಂತ ಮಾಡಿದೆ, ಕೊನೆಗೆ ಎಂತ ಆಯ್ತು. ಮೂರನೆಯದ್ದೇ ಮುಖ್ಯ, ನಾವು ಸಂದರ್ಭವನ್ನೇ ಉದ್ದಕ್ಕೆ ಹೇಳಿ ನಮ್ಮ ಪಾಲಿಗೆ ಬರುವಾಗ ಸಣ್ಣ ಮಾಡಿ ಬಿಡ್ತೇವೆ, ಸಂಕೋಚಕ್ಕೆ.

ಇನ್ನೊಂದು ಹಾಳೆ ಕೊಟ್ಟಿದ್ರು, ಬಿಲ್ ಲಾ, ಟೋನಿ ವಾಟ್ಸ್ ಅಂತ ಇಬ್ರು 1977ರಲ್ಲಿ ಮಾಡಿದ್ದು, ಇವತ್ತಿಗೂ ಅದನ್ನು ಇಟ್ಕೊಂಡೇ ಕಲಿಸ್ತಾರೆ. ನಾನು ಯಾರು, ನನಗೆ ಎಂತ ಬರ್ತದೆ, ಹೊರಗೆ ಎಂತೆಂಥ ಕೆಲ್ಸಗಳಿದ್ದಾವೆ, ಅದ್ರಲ್ಲಿ ಒಂದನ್ನು ಆರಿಸುವುದು ಹೇಗೆ, ಆರಿಸಿದ ಮೇಲೆ ಅಲ್ಲಿಗೆ ಹೋಗಿ ಮುಟ್ಟುವುದು ಹೇಗೆ. ನಮ್ಮಲ್ಲಿ ಸೀದಾ ಕೊನೆಯದ್ದಕ್ಕೇ ಹೋಗ್ತಾರೆ, ಬ್ಯಾಂಕ್ ಪರೀಕ್ಷೆ ಕಟ್ಟು ಅಥ್ವಾ ಸಿಎ ಮಾಡು, ಮುಗೀತು. ಅಪ್ಪ ನಿಮಗೆ ಬೇಜಾರಾಗ್ಬಾರ್ದು, ಕೆನರಾ ಬ್ಯಾಂಕ್, ಕಾರ್ಪೊರೇಷನ್ ಬ್ಯಾಂಕ್ ಎರಡೂ 1906ರಲ್ಲಿ ನಮ್ಮ ಕರಾವಳಿಯಲ್ಲೇ ಹುಟ್ಟಿದ್ದು, ಮನೆಗೊಬ್ರು ಬ್ಯಾಂಕಲ್ಲಿದ್ದ ಊರು ನಮ್ಮದು, ಆ ಆಸೆ ಎಲ್ಲಿಂದ ಬಂತು ಅಂತ ನನಗೆ ಗೊತ್ತುಂಟು. ಆದ್ರೆ ಪುಟ್ಟಿಗೆ ಲೆಕ್ಕಕ್ಕಿಂತ ಜನರೊಟ್ಟಿಗೆ ಮಾತಾಡುವ ಕೆಲ್ಸ ಇಷ್ಟ, ಅದನ್ನೂ ಒಮ್ಮೆ ಕೂತು ಕೇಳಿ.

ಮಾಕ್ ಅಸೆಸ್‌ಮೆಂಟ್ ಸೆಂಟರ್ ಅಂತ ಒಂದು ದಿನ ಇಡೀ ಇಟ್ಟಿದ್ರು, ಕೆಲ್ಸಕ್ಕೆ ಆರಿಸ್ಲಿಕ್ಕೆ ನಿಜವಾದ ಕಂಪೆನಿ ಮಾಡುವ ಪರೀಕ್ಷೆಯ ಹಾಗೆಯೇ, ಪ್ರಾಕ್ಟೀಸಿಗೆ. ಮೇಜಿನ ಸುತ್ತ ನಾವು ಆರು ಜನ, ಗೋಡೌನ್ ಎಲ್ಲಿ ಹಾಕ್ಬೇಕು ಅಂತ ಒಂದು ಸಮಸ್ಯೆ, ಹಿಂದೆ ಇಬ್ರು ಕೂತು ಬರ್ಕೊಳ್ತಾ ಇದ್ರು. ಜೋರು ಮಾತಾಡಿದವ್ರಿಗೆ ಮಾರ್ಕ್ ಅಂತ ನಾವೆಲ್ಲ ಅಂದ್ಕೊಳ್ತೇವೆ ಅಲ್ವಾ, ಹಾಗಲ್ಲ. ಮೂಲೆಯಲ್ಲಿ ಒಬ್ಬ ವಿಯೆಟ್ನಾಮಿನ ಹುಡುಗ ಬಾಯೇ ಬಿಟ್ಟಿರ್ಲಿಲ್ಲ, ಅವ್ನ ಹಾಳೆಯಲ್ಲಿ ಲೆಕ್ಕ ಪೂರಾ ಮಾಡಿಟ್ಟಿದ್ದ, ಅದನ್ನು ನೋಡಿ ನಮ್ಮ ಗುಂಪಿನ ಒಬ್ಳು ನಿನ್ನ ಲೆಕ್ಕ ಒಮ್ಮೆ ಹೇಳ್ತೀಯಾ ಅಂತ ಕೇಳಿದ್ಳು, ಕೊನೆಗೆ ಫೀಡ್‌ಬ್ಯಾಕಲ್ಲಿ ಎಲ್ಲಕ್ಕಿಂತ ಮೊದ್ಲು ಹೊಗಳಿದ್ದು ಅವ್ಳನ್ನು. ನನಗೆ ಅದು ತುಂಬ ಖುಷಿ ಆಯ್ತು. ಟೀಮಲ್ಲಿ ಕೆಲ್ಸ ಮಾಡುವುದು ಅಂದ್ರೆ ಎಂತ ಅಂತ ಅವತ್ತು ಕಣ್ಣೆದುರೇ ನೋಡಿದೆ.

ವಿಡಿಯೋ ಇಂಟರ್‌ವ್ಯೂ ಪ್ರಾಕ್ಟೀಸೂ ಉಂಟು, ಎದುರು ಮನುಷ್ಯನೇ ಇಲ್ಲ, ಸ್ಕ್ರೀನಲ್ಲಿ ಪ್ರಶ್ನೆ ಬರ್ತದೆ, ಅರ್ಧ ನಿಮಿಷ ಯೋಚ್ನೆ, ಮತ್ತೆ ಕ್ಯಾಮೆರಾ ನೋಡಿ ಮಾತಾಡ್ಬೇಕು. ಇದನ್ನು ನೀನು ಮೊಬೈಲಲ್ಲೇ ಮನೆಯಲ್ಲಿ ಮಾಡ್ಬಹುದು.

ಅಪ್ಪ ಯಾವಾಗ್ಲೂ ಕೇಳುವುದು, ಗುರ್ತದವ್ರು ಯಾರಾದ್ರೂ ಇದ್ದಾರಾ ಅಂತ. ನಮಗೆ ಇಲ್ಲಿ ಯಾರಿದ್ದಾರೆ ಹೇಳಿ. ಕೆರಿಯರ್ಸ್ ಸರ್ವಿಸ್‌ನವ್ರು ಅದನ್ನೂ ಮಾಡ್ತಾರೆ, ಹಳೇ ವಿದ್ಯಾರ್ಥಿಗಳಲ್ಲಿ ಒಬ್ರನ್ನು ಮೆಂಟರ್ ಅಂತ ಜೋಡಿಸಿ ಕೊಡ್ತಾರೆ, ನನಗೆ ಸಿಕ್ಕಿದವ್ರು ಒಂದು ಆಸ್ಪತ್ರೆಗೆ ಸಾಮಾನು ಖರೀದಿ ಮಾಡುವ ವಿಭಾಗದಲ್ಲಿದ್ದಾರೆ, ಕೆಲ್ಸ ಕೊಡಿ ಅಂತ ಕೇಳ್ಬಾರ್ದು, ನಿಮ್ಮ ಒಂದು ದಿನ ಹೇಗಿರ್ತದೆ ಅಂತ ಕೇಳ್ಬೇಕು ಅಂತ ಮೊದ್ಲೇ ಹೇಳಿಕೊಟ್ಟಿದ್ರು. ಅವ್ರು ಎಷ್ಟು ಚಂದ ಮಾಡಿ ವಿವರಿಸಿದ್ರು ಗೊತ್ತುಂಟಾ. ದೊಡ್ಡವ್ರ ಮನೆ ಮಕ್ಕಳಿಗೆ ಮಾವ, ಚಿಕ್ಕಪ್ಪ ಅಂತ ಇರ್ತಾರೆ, ಅಂಗಡಿಯವ್ರ, ರಿಕ್ಷಾದವ್ರ, ಬೋಟಿಗೆ ಹೋಗುವವ್ರ ಮಕ್ಕಳಿಗೆ ಇಂಥ ಆಫೀಸೇ ಗುರ್ತದವ್ರು. ನಮ್ಮ ಎಲ್ಲ ಕಾಲೇಜುಗಳ ಪ್ಲೇಸ್‌ಮೆಂಟ್ ಸೆಲ್ ಹೀಗೆ ಆಗ್ಬೇಕು, ಕಂಪೆನಿ ಬರುವ ವಾರ ಮಾತ್ರ ಅಲ್ಲ, ಫಸ್ಟ್ ಇಯರಿಂದಲೇ.

ಎಲ್ಲ ಸುಲಭ ಅಂತ ಹೇಳುವುದಿಲ್ಲ. ಟರ್ಮ್ ನಡೆಯುವಾಗ ವಾರಕ್ಕೆ 20 ಗಂಟೆ ಮಾತ್ರ ಕೆಲ್ಸ ಮಾಡ್ಬಹುದು. ಓದು ಮುಗಿದ ಮೇಲೆ ಇಲ್ಲೇ ಇದ್ದು ಕೆಲ್ಸ ಮಾಡ್ಲಿಕ್ಕೆ ಕೊಡುವ ಗ್ರಾಜುಯೇಟ್ ವೀಸಾ ಈಗ 2 ವರ್ಷ, 2027ರ ಜನವರಿ 1ರಿಂದ ಅರ್ಜಿ ಹಾಕುವವ್ರಿಗೆ 18 ತಿಂಗಳು ಅಂತ ಮಾಡಿದ್ದಾರೆ. ಅದು ಮುಗಿದ್ರೆ ವೀಸಾ ಸ್ಪಾನ್ಸರ್ ಮಾಡುವ ಕಂಪೆನಿಯೇ ಬೇಕು. ಒಂದು ಕಂಪೆನಿಯವ್ರು ಎರಡು ಸುತ್ತು ಮುಗಿಸಿ ಆಮೇಲೆ ಸ್ಪಾನ್ಸರ್ ಮಾಡುವುದಿಲ್ಲ ಅಂದ್ರು, ಆ ದಿನ ತುಂಬ ಬೇಜಾರಾಗಿತ್ತು. ಯಾವ ಕಂಪೆನಿಗೆ ಸ್ಪಾನ್ಸರ್ ಲೈಸೆನ್ಸ್ ಉಂಟು ಅಂತ ಸರ್ಕಾರವೇ ಪಟ್ಟಿ ಹಾಕ್ತದೆ, ಅದನ್ನು ನೋಡಿಕೊಂಡೇ ಅರ್ಜಿ ಹಾಕು ಅಂತ ಮೇಡಂ ಕೂತು ತೋರಿಸಿಕೊಟ್ರು, ಈಗ ಹಾಗೇ ಮಾಡ್ತಿದ್ದೇನೆ. ಸಾಲದ ಕಂತಿನ ಬಗ್ಗೆ ನನಗೆ ಲಕ್ಷ್ಯ ಉಂಟು ಅಪ್ಪ.

ಪುಟ್ಟಿ, ಭಾನುವಾರದ ಒಳಗೆ ನಿನ್ನ ಸಿವಿ ಕಳ್ಸು, ವರ್ಡ್ ಫೈಲೇ ಕಳ್ಸು, ವಾಟ್ಸಾಪಲ್ಲಿ ಫೋಟೋ ತೆಗೆದು ಹಾಕ್ಬೇಡ. ನಾನು ಅದರಲ್ಲೇ ಪ್ರಶ್ನೆ ಬರ್ದು ವಾಪಸ್ ಕಳಿಸ್ತೇನೆ, ಉತ್ರ ನೀನೇ ಬರೀಬೇಕು. ನಿಮ್ಮ ಕಾಲೇಜಿನ ಪ್ಲೇಸ್‌ಮೆಂಟ್ ಆಫೀಸರ್ ಹತ್ರ ಸೀದಾ ಹೋಗಿ ಒಂದು ಮಾಕ್ ಇಂಟರ್‌ವ್ಯೂ ಇಡ್ತೀರಾ ಸಾರ್ ಅಂತ ಕೇಳು, ಫ್ರೆಂಡ್ಸನ್ನೂ ಕರ್ಕೊಂಡು ಹೋಗು. ಅಮ್ಮ, ಅಜ್ಜಿಗೆ ನನ್ನ ನಮಸ್ಕಾರ ಹೇಳು, ಭಾನುವಾರ ನಿಮ್ಮ ರಾತ್ರಿ ಊಟ ಆದ್ಮೇಲೆ ಫೋನ್ ಮಾಡ್ತೇನೆ.

ನಿಮ್ಮ ಪ್ರೀತಿಯ ಮಗಳು