ದೂರ ನಿಂತು ನಮ್ಮನ್ನು ಗೆಲ್ಲಿಸಿದವರಿಗೆ

ಕಳೆದ ಶನಿವಾರ ನಮ್ಮ ನಾಯಿ ಕೆಂಚಿ ಸಾಲಾಗಿ ಇಟ್ಟ ಹತ್ತು ರಟ್ಟಿನ ಡಬ್ಬಗಳಲ್ಲಿ ಸರಿಯಾದ ಒಂದನ್ನು ಮೂಸಿ ಹಿಡಿದಳು. 52 ಸೆಕೆಂಡ್ ಬೇಕಾಯ್ತು. ಅದು ಅವಳ ಮೂರನೇ ಪಾಸು. ಅಮೆರಿಕನ್ ಕೆನಲ್ ಕ್ಲಬ್ ಅನ್ನುವ ನಾಯಿಗಳ ಸಂಸ್ಥೆ ನಡೆಸುವ ಸೆಂಟ್ ವರ್ಕ್, ಅಂದರೆ ಬಚ್ಚಿಟ್ಟ ವಾಸನೆಯನ್ನು ಮೂಸಿ ಹುಡುಕುವ ಸ್ಪರ್ಧೆಯಲ್ಲಿ ಒಂದು ವಿಭಾಗದಲ್ಲಿ ಮೂರು ಸಲ ಪಾಸಾದರೆ ಟೈಟಲ್ ಕೊಡುತ್ತಾರೆ. ಹಾಗಾಗಿ ಮೈಸೂರಿನ ಸರಸ್ವತಿಪುರಂನ ಬೀದಿಯಲ್ಲಿ ಹುಟ್ಟಿದ ನಮ್ಮ ಹುಡುಗಿಯ ಹೆಸರಿನ ಜೊತೆ ಈಗ ಎಸ್‌ಸಿಎನ್ (ಸೆಂಟ್ ವರ್ಕ್ ಕಂಟೇನರ್ ನೊವೀಸ್) ಅಂತ ಮೂರು ಅಕ್ಷರ ಸೇರಿವೆ.

ಇದು ಮೊದಲ ಹಂತ, ನೊವೀಸ್. ಇದರ ಮೇಲೆ ಇನ್ನೂ ಮೂರು ಹಂತಗಳಿವೆ. ಆದರೆ ಮಡಚಿಟ್ಟ ಛತ್ರಿ ಕಂಡರೂ ನಿಂತಲ್ಲೇ ಉಚ್ಚೆ ಹೊಯ್ದುಕೊಳ್ಳುತ್ತಿದ್ದ ನಾಯಿ ಅವಳು. ಇಷ್ಟು ವರ್ಷ ನಮ್ಮ ಜೊತೆ ಇದ್ದವರಿಗೆ ಈ ಮೂರು ಅಕ್ಷರ ಎಷ್ಟು ದೊಡ್ಡದು ಅಂತ ಗೊತ್ತು. ಅವರಿಗೆಲ್ಲ ಕೂತು ಬರೆಯಬೇಕು ಅಂತ ಶನಿವಾರ ರಾತ್ರಿಯೇ ಅಂದುಕೊಂಡೆ.

ಯಾರ್‍ಯಾರಿಗೆ ಬರೆಯಬೇಕು ಅಂತ ಪಟ್ಟಿ ಮಾಡುತ್ತಿದ್ದಾಗ ಒಂದು ವಿಷಯ ಗಮನಕ್ಕೆ ಬಂತು. ಕಷ್ಟದಲ್ಲಿ ಹತ್ತಿರ ಬಂದವರಿಗೆ, ಕೈ ಹಿಡಿದವರಿಗೆ ಥ್ಯಾಂಕ್ಸ್ ಹೇಳುವುದು ರೂಢಿ. ನನ್ನ ಪಟ್ಟಿಯಲ್ಲಿ ಇರುವವರೆಲ್ಲ ಹತ್ತಿರ ಬಾರದವರು. ಮುಟ್ಟಬೇಕು ಅನ್ನಿಸಿದರೂ ಮುಟ್ಟದವರು. ನೋಡಬೇಕು ಅನ್ನಿಸಿದರೂ ಬೇರೆ ಕಡೆ ಮುಖ ಮಾಡಿ ನಿಂತವರು.

ಮೊದಲು ಮೈಸೂರಿನವರು. 2018ರ ದೀಪಾವಳಿಯ ರಾತ್ರಿ ಅವಳು ನಮ್ಮ ತವರುಮನೆಯ ಗೇಟಿನ ಸಂದಿಯಲ್ಲಿ ನುಗ್ಗಿ ಚಪ್ಪಲಿ ಸ್ಟ್ಯಾಂಡಿನ ಹಿಂದೆ ಸೇರಿಕೊಂಡಿದ್ದಳು. ಬೀದಿಯಲ್ಲಿ ಸರ ಪಟಾಕಿ ಬಿಟ್ಟೂ ಬಿಡದೆ ಸಿಡಿಯುತ್ತಿತ್ತು. ಅಮ್ಮ ಅವಳನ್ನು ಓಡಿಸಲಿಲ್ಲ, ಎಳೆಯಲೂ ಇಲ್ಲ. ಒಂದು ತಟ್ಟೆ ಮೊಸರನ್ನ ಇಟ್ಟು, ವರಾಂಡದ ಲೈಟ್ ಆರಿಸಿ ಒಳಗೆ ಬಂದುಬಿಟ್ಟರು. ಬೆಳಿಗ್ಗೆ ತಟ್ಟೆ ಖಾಲಿ. ನಾಯಿ ಮಾತ್ರ ಅಲ್ಲೇ. ಎಡಗಿವಿಯ ತುದಿಯಲ್ಲಿ ಕತ್ತರಿಸಿದ ಗುರುತು ಇತ್ತು. ಸಂತಾನಹರಣ ಆಪರೇಷನ್ ಆದ ಬೀದಿನಾಯಿಗಳಿಗೆ ಹಾಗೆ ಮಾಡುತ್ತಾರಲ್ಲ, ಅದು. ಈಗಲೂ ಇಲ್ಲಿ ಅಮೆರಿಕದಲ್ಲಿ ಜನ ಆ ಕಿವಿ ನೋಡಿ ಯಾವ ನಾಯಿ ಕಚ್ಚಿತು ಅಂತ ಕೇಳುತ್ತಾರೆ.

ನಮ್ಮ ಬೀದಿಯ ಮೂಲೆಯಲ್ಲಿ ಹೂ ಮಾರುವ ಅಕ್ಕ ಅದಕ್ಕೂ ಮುಂಚೆ ಎರಡು ವರ್ಷ ಅವಳಿಗೆ ಬನ್ ಹಾಕುತ್ತಿದ್ದರಂತೆ. ಕೆಂಚಿ ಅಂತ ಹೆಸರಿಟ್ಟವರೂ ಅವರೇ. ಅವರಿಗೆ ನನ್ನ ಮೊದಲ ನಮಸ್ಕಾರ. 2019ರಲ್ಲಿ ನಾವು ಅವಳನ್ನು ನ್ಯೂಜೆರ್ಸಿಗೆ ಕರೆದುಕೊಂಡು ಹೊರಟಾಗ ಅಕ್ಕ ಒಂದು ಮೊಳ ಮಲ್ಲಿಗೆ ಕೊಟ್ಟು, "ಅವಳಿಗೆ ಜೋರಾಗಿ ಮಾತಾಡಬೇಡಿ ಮೇಡಂ" ಅಂದರು. ಆಮೇಲೆ ದುಡ್ಡು ಕೊಟ್ಟು ಕಲಿತದ್ದೆಲ್ಲ ಆ ಒಂದು ಮಾತಿನಲ್ಲೇ ಇತ್ತು.

ಇಲ್ಲಿಗೆ ಬಂದ ಮೇಲಿನ ಮೊದಲ ವರ್ಷದ ಬಗ್ಗೆ ಜಾಸ್ತಿ ಬರೆಯಲ್ಲ. ಮರದ ನುಣುಪು ನೆಲ, ಕಸದ ಲಾರಿ, ಟೋಪಿ ಹಾಕಿದ ಗಂಡಸರು, ಎಲ್ಲಕ್ಕೂ ಹೆದರಿಕೆ. ಜುಲೈ 4, ಅಮೆರಿಕದ ಸ್ವಾತಂತ್ರ್ಯ ದಿನದ ರಾತ್ರಿ ಇಡೀ ಊರು ಪಟಾಕಿ ಹೊಡೆಯುತ್ತೆ. ಆ ರಾತ್ರಿ ಅವಳು ಬಚ್ಚಲುಮನೆಯ ಕಮೋಡಿನ ಹಿಂದೆ ಸೇರಿಕೊಂಡು ಮಾರನೇ ದಿನ ಮಧ್ಯಾಹ್ನದವರೆಗೆ ಹೊರಗೆ ಬರಲಿಲ್ಲ. ನಾನು ಬಾಗಿಲ ಹತ್ತಿರ ಚಾಪೆ ಹಾಸಿಕೊಂಡು ಮಲಗಿದ್ದೆ.

ಒಂದು ತಪ್ಪು ನನ್ನದು, ಅದನ್ನು ಹೇಳಲೇಬೇಕು. ಧೈರ್ಯ ಬರುತ್ತೆ ಅಂತ ಯಾರೋ ಹೇಳಿದರು ಅಂತ ಅವಳನ್ನು ಅಜಿಲಿಟಿ ಕ್ಲಾಸಿಗೆ ಸೇರಿಸಿದೆ. ಸುರಂಗ, ಬೇಲಿ ಹಾರುವುದು, ಕಂಬಗಳ ನಡುವೆ ನುಸುಳುವುದು ಇರುವ ಆಟ. ಸುರಂಗ ಅವಳಿಗೆ ಇಷ್ಟವಾಯ್ತು. ಆದರೆ ಅದರಲ್ಲಿ ಏತದ ಹಲಗೆಯೂ ಇರುತ್ತೆ. ನಾಯಿ ಒಂದು ತುದಿಯಿಂದ ಹತ್ತಿ ಮಧ್ಯ ದಾಟಿದಾಗ ಆ ಕಡೆ ತುದಿ ನೆಲಕ್ಕೆ ಬಡಿಯುತ್ತೆ. ಮೂರನೇ ವಾರ ಪಕ್ಕದಲ್ಲಿ ಬೇರೆ ನಾಯಿ ಹತ್ತಿದ ಹಲಗೆ ಧಡಾರ್ ಅಂತ ಬಿತ್ತು. ಕೆಂಚಿ ಕಲ್ಲಾದಳು. ಅವತ್ತೇ ನಾನು ಮನೆಗೆ ಬರಬೇಕಿತ್ತು. ಬರಲಿಲ್ಲ. ಕೊಟ್ಟ ಫೀಸು, ನೋಡುತ್ತಿದ್ದ ಜನ, ಎಲ್ಲ ತಲೆಯಲ್ಲಿ ಇತ್ತು. ಚೀಸ್ ತೋರಿಸಿ ತೋರಿಸಿ ಅವಳನ್ನು ಆ ಹಲಗೆಯ ಹತ್ತಿರ ಕರೆದುಕೊಂಡು ಹೋದೆ. ಆಮೇಲೆ ಎಂಟು ತಿಂಗಳು ಅವಳು ನನ್ನ ಕೈಯಿಂದ ಚೀಸ್ ತಿನ್ನಲಿಲ್ಲ. ನೆಲದ ಮೇಲೆ ಇಟ್ಟು ನಾನು ಹಿಂದೆ ಸರಿದರೆ ಮಾತ್ರ ತಿನ್ನುತ್ತಿದ್ದಳು.

ಆ ಸಮಯದಲ್ಲಿ ಸಿಕ್ಕವರು ನಮ್ಮ ಸೆಂಟ್ ವರ್ಕ್ ಟೀಚರ್. ಅವರಿಗೆ ಕನ್ನಡ ಬರಲ್ಲ. ಇದನ್ನು ನಾನೇ ಓದಿ ಹೇಳುತ್ತೇನೆ. ಮೊದಲ ದಿನ ಅವರು ಕೆಂಚಿಗೆ ಬೆನ್ನು ತಿರುಗಿಸಿ ನೆಲದ ಮೇಲೆ ಕೂತರು. ನನ್ನ ಜೊತೆ ಮಾತಾಡಿದ್ದು ಅಷ್ಟೂ ಹೊತ್ತು ಗೋಡೆ ನೋಡಿಕೊಂಡೇ. ಹಾಗೆ ಆರು ವಾರ. ಏಳನೇ ವಾರ ಕೆಂಚಿ ತಾನಾಗೇ ಹೋಗಿ ಅವರ ಜಾಕೆಟ್ಟಿನ ಜೇಬು ಮೂಸಿದಳು. ಅವರು ಆಗಲೂ ಅಲುಗಲಿಲ್ಲ. ಕಣ್ಣಲ್ಲಿ ನೀರು ಮಾತ್ರ ತುಂಬಿಕೊಂಡಿತ್ತು.

ಈ ಆಟ ಗೊತ್ತಿಲ್ಲದವರಿಗೆ ಎರಡು ಮಾತು. ಬರ್ಚ್ ಮರದ ಎಣ್ಣೆಯ ವಾಸನೆ ಹಿಡಿಸಿದ ಹತ್ತಿಯ ತುಂಡನ್ನು ಒಂದು ಡಬ್ಬದಲ್ಲಿ ಬಚ್ಚಿಡುತ್ತಾರೆ. ಎಲ್ಲಿ ಅಂತ ನಮಗೂ ಹೇಳಲ್ಲ. ನಾಯಿ ಹುಡುಕಬೇಕು, ಅದರ ಮೈ ನೋಡಿ ನಾವು "ಅಲರ್ಟ್" ಅನ್ನಬೇಕು. ನೊವೀಸ್ ಡಬ್ಬಗಳಿಗೆ ಎರಡು ನಿಮಿಷ ಸಮಯ. ಆ ಎಣ್ಣೆಯ ಸೀಸೆ ತೆರೆದ ದಿನ ನನಗೆ ನಮ್ಮಜ್ಜಿ ನೆನಪಾದರು. ಅವರು ಮಂಡಿಗೆ ಹಚ್ಚಿಕೊಳ್ಳುತ್ತಿದ್ದ ಐಯೋಡೆಕ್ಸ್‌ನದೇ ವಾಸನೆ! ಎರಡರಲ್ಲೂ ಇರುವುದು ಮೀಥೈಲ್ ಸ್ಯಾಲಿಸಿಲೇಟ್ ಅಂತ ಆಮೇಲೆ ತಿಳಿಯಿತು.

ಹೆದರುವ ನಾಯಿಗೆ ಈ ಆಟ ಹೊಂದುವುದಕ್ಕೆ ಕಾರಣ ಇದೆ. ಒಂದು ಸಲಕ್ಕೆ ಒಂದೇ ನಾಯಿ ಒಳಗೆ ಹೋಗುತ್ತೆ. ಉಳಿದವು ತಮ್ಮ ತಮ್ಮ ಕಾರಿನಲ್ಲೋ ಗೂಡಿನಲ್ಲೋ ಕಾಯುತ್ತವೆ. ಕೂಗಾಟ ಇಲ್ಲ. ಮುಂದೆ ಹೋಗುವುದು ನಾಯಿ, ಹಿಂದೆ ನಡೆಯುವುದು ನಾವು. ಎಲ್ಲಿಗೆ ಹೋಗಬೇಕು ಅಂತ ಅವಳೇ ತೀರ್ಮಾನ ಮಾಡುತ್ತಾಳೆ. ಟೀಚರ್ ಒಂದು ಸಂಶೋಧನೆಯ ಬಗ್ಗೆ ಹೇಳಿದ್ದರು. 2019ರಲ್ಲಿ ಡ್ಯುರಾಂಟನ್ ಮತ್ತು ಹೊರೊವಿಟ್ಸ್ ಅನ್ನುವ ಇಬ್ಬರು 20 ನಾಯಿಗಳ ಮೇಲೆ ಮಾಡಿದ್ದು. ಅರ್ಧ ನಾಯಿಗಳಿಗೆ ಎರಡು ವಾರ ಮೂಸಿ ಹುಡುಕುವ ಆಟ, ಇನ್ನರ್ಧಕ್ಕೆ ಮಾಲೀಕರ ಕಾಲ ಪಕ್ಕ ನಡೆಯುವ ಅಭ್ಯಾಸ. ಆಮೇಲೆ ತಿಂಡಿ ಇದೆಯೋ ಇಲ್ಲವೋ ಅಂತ ಹೇಳಲಾಗದ ಜಾಗದಲ್ಲಿ ಒಂದು ಬಟ್ಟಲು ಇಟ್ಟರು. ಮೂಸುವ ಆಟ ಆಡಿದ ನಾಯಿಗಳು ಮುಂಚಿಗಿಂತ ಬೇಗ ಅದರ ಹತ್ತಿರ ಹೋದವು. ಇದೆ ಅನ್ನುವ ನಂಬಿಕೆ ಅವಕ್ಕೆ ಜಾಸ್ತಿ ಆಗಿತ್ತು. ನಮ್ಮ ಮನೆಯಲ್ಲಿ ಅದು ಕಣ್ಣಿಗೆ ಕಾಣುತ್ತಿತ್ತು. ಆಟ ಶುರುವಾದ ಮೂರು ತಿಂಗಳಿಗೆ ಕೆಂಚಿ ಅಡುಗೆಮನೆಗೆ ತಾನಾಗೇ ಬಂದು ಕಾಯಿ ತುರಿಯುವಾಗ ನನ್ನ ಪಕ್ಕ ಕೂತಳು.

ಅಪ್ಪಾಜಿಗೆ ಒಂದು ದೊಡ್ಡ ಥ್ಯಾಂಕ್ಸ್. ಅಜಿಲಿಟಿಯ ಕಥೆಯನ್ನು ಫೋನಿನಲ್ಲಿ ಅಳುತ್ತಾ ಹೇಳಿದ ದಿನ ಅವರು ದಸರಾ ಆನೆಗಳ ವಿಷಯ ತೆಗೆದರು. ಜಂಬೂಸವಾರಿಯ ದಿನ 21 ಕುಶಾಲತೋಪು ಹಾರಿಸುತ್ತಾರೆ. ಆ ಸದ್ದಿಗೆ ಆನೆ ಬೆದರಬಾರದು ಅಂತ ಮುಂಚೆಯೇ ಫಿರಂಗಿ ತಾಲೀಮು ನಡೆಯುತ್ತೆ. "ಹೊಸ ಆನೇನ ಫಿರಂಗಿ ಪಕ್ಕ ನಿಲ್ಲಿಸ್ತಾರೇನಮ್ಮಾ? ದೂರದಲ್ಲಿ ನಿಲ್ಲಿಸ್ತಾರೆ. ಅನುಭವ ಇರೋ ಆನೆ ಮುಂದೆ. ಮಾವುತ ಜೊತೇಲೇ ಇರ್ತಾನೆ. ನೀನು ಮೊದಲನೇ ದಿನಾನೇ ಮುಂದೆ ತಂದು ನಿಲ್ಲಿಸಿದೀಯ" ಅಂದರು. ಬೈದ ಹಾಗಿರಲಿಲ್ಲ. ನಾನು ಸಣ್ಣವಳಿದ್ದಾಗ ಲೆಕ್ಕ ತಪ್ಪಿದರೆ ಹೇಳಿಕೊಡುತ್ತಿದ್ದ ದನಿ ಅದು. ಅವತ್ತಿನಿಂದ ನಮ್ಮ ಮನೆಯಲ್ಲಿ ಏನೇ ಹೊಸದು ಬಂದರೂ ಮೊದಲ ಪ್ರಶ್ನೆ, ಕೆಂಚಿಗೆ ಎಷ್ಟು ದೂರ ಬೇಕು ಅನ್ನೋದು.

ನಮ್ಮ ಬೀದಿಯ ಸ್ಕೇಟ್‌ಬೋರ್ಡ್ ಹುಡುಗರಿಗೆ. ಕೆಂಚಿ ಬರುವುದು ಕಂಡರೆ ಸಾಕು, ಇಳಿದು ಬೋರ್ಡನ್ನು ಕಂಕುಳಲ್ಲಿ ಇಟ್ಟುಕೊಂಡು ಆ ಕಡೆ ಫುಟ್‌ಪಾತಿನಲ್ಲಿ ನಡೆದು ಹೋಗುತ್ತೀರಿ. ನಾನು ಒಂದು ಸಲ ಕೇಳಿಕೊಂಡಿದ್ದೆ ಅಷ್ಟೇ. ಎದುರು ಮನೆಯ ಅಜ್ಜಿಗೆ. ತಮ್ಮ ನಾಯಿಯ ವಾಕಿಂಗ್ ಟೈಮನ್ನೇ ನಮಗಾಗಿ ಬದಲಾಯಿಸಿದಿರಿ. ಇಲ್ಲಿನ ಕನ್ನಡದ ಗೆಳೆಯರಿಗೆ. ನಮ್ಮಲ್ಲಿ ಮನೆಗೆ ಬಂದವರು ಮಕ್ಕಳನ್ನು, ನಾಯಿಯನ್ನು ಮಾತಾಡಿಸದೆ ಇದ್ದರೆ ತಪ್ಪು ಅನ್ನಿಸುತ್ತೆ ಅಲ್ವಾ? ಆದರೂ ಯುಗಾದಿಗೆ ಬಂದ ಹದಿನಾಲ್ಕು ಜನ ಅವಳ ಕಡೆ ಒಂದು ಸಲವೂ ನೋಡಲಿಲ್ಲ. ನಾಲ್ಕು ವರ್ಷದ ಪುಟಾಣಿಯೊಂದು ಬೆನ್ನು ತಿರುಗಿಸಿ ಕೂತು ಹೋಳಿಗೆ ತಿನ್ನುತ್ತಿತ್ತು. ಕೆಂಚಿ ಹಿಂದಿನಿಂದ ಬಂದು ಅವನ ಕಾಲುಚೀಲ ಮೂಸಿದಳು. ಅವನು ಹೋಳಿಗೆ ಬಾಯಲ್ಲಿ ಇಟ್ಟುಕೊಂಡೇ ಪಿಸುಗುಟ್ಟಿದ, "ಅಮ್ಮಾ, ನಾನು ನೋಡ್ತಿಲ್ಲ." ಕಂದಾ, ಅವಳ ಟೈಟಲ್‌ನಲ್ಲಿ ನಿನ್ನ ಪಾಲೂ ಇದೆ.

ಮೊದಲ ಸ್ಪರ್ಧೆಯ ಜಡ್ಜ್‌ಗೆ. ಅದು 2022ರ ಅಕ್ಟೋಬರ್. ಹಾಲ್‌ನ ಹೀಟರ್ ಗೊರಗೊರ ಅನ್ನುತ್ತಿತ್ತು. ಕೆಂಚಿ ಶುರುವಿನ ಗೆರೆ ದಾಟಿ ಎರಡು ಹೆಜ್ಜೆಗೆ ನಿಂತಳು. ಬಾಲ ಹೊಟ್ಟೆಗೆ ಅಂಟಿಕೊಂಡಿತ್ತು. ಈ ಸಲ ನಾನು ಚೀಸ್ ತೋರಿಸಲಿಲ್ಲ. ಸಾಕು, ನಾವು ಹೊರಡುತ್ತೇವೆ ಅಂದೆ. ನೀವು ಪಕ್ಕಕ್ಕೆ ತಿರುಗಿ, ನಾಲ್ಕು ಹೆಜ್ಜೆ ಹಿಂದೆ ಹೋಗಿ ಬಾಗಿಲ ದಾರಿ ಬಿಟ್ಟುಕೊಟ್ಟಿರಿ. "ಇವತ್ತು ನೀವು ಅವಳ ಮಾತು ಕೇಳಿದಿರಿ" ಅಂದಿರಿ. ಕಾರಿನಲ್ಲಿ ಕೂತು ತುಂಬಾ ಹೊತ್ತು ಅತ್ತೆ. ಸೋತ ದುಃಖ ಅಲ್ಲ ಅದು. ಪಾರ್ಕಿಂಗ್ ನೋಡಿಕೊಳ್ಳುವ ಸ್ವಯಂಸೇವಕರಿಗೂ ಇಲ್ಲೇ ಹೇಳಿಬಿಡುತ್ತೇನೆ. ಅವತ್ತಿನಿಂದ ಪ್ರತಿ ಸಲ ಮರಗಳ ಪಕ್ಕದ ಕೊನೆಯ ಜಾಗವನ್ನು ನಾವು ಕೇಳುವ ಮುಂಚೆಯೇ ಕೋನ್ ಇಟ್ಟು ಹಿಡಿದಿರುತ್ತೀರಿ.

ಆಮೇಲೆ ಎರಡು ವರ್ಷ ನಾವು ಯಾವ ಸ್ಪರ್ಧೆಗೂ ಹೋಗಲಿಲ್ಲ. ಲೈಬ್ರರಿಯ ಹಿಂದೆ, ಮುಚ್ಚಿದ ಅಂಗಡಿಗಳ ಮುಂದೆ, ಎದುರು ಮನೆ ಅಜ್ಜಿಯ ಗ್ಯಾರೇಜಿನಲ್ಲಿ ಡಬ್ಬ ಜೋಡಿಸಿದೆವು. ಪ್ರತಿ ಭಾನುವಾರ ನನ್ನ ಗಂಡ ಹತ್ತು ಡಬ್ಬ ಹೊತ್ತು, ಇಟ್ಟು, ಮತ್ತೆ ಹೊತ್ತು ತಂದರು. ಒಂದು ಸಲವೂ ಇನ್ನೂ ಎಷ್ಟು ದಿನ ಅಂತ ಕೇಳಲಿಲ್ಲ.

ಈಗ ಆ 52 ಸೆಕೆಂಡ್. ನಾನು "ಹುಡುಕು" ಅಂದೆ. ಕನ್ನಡದಲ್ಲೇ ಹೇಳುವುದು. ಮೊದಲ ನಾಲ್ಕು ಡಬ್ಬಗಳನ್ನು ಅವಳು ದೂರದಿಂದಲೇ, ಕತ್ತು ಚಾಚಿ, ಹಿಂಗಾಲು ಓಡಲು ತಯಾರಾಗಿರುವ ಹಾಗೆ ಇಟ್ಟುಕೊಂಡು ಮೂಸಿದಳು. ಆಗ ಹೊರಗೆ ಯಾರದೋ ಕಾರಿನ ಬಾಗಿಲು ಧಪ್ ಅಂತ ಮುಚ್ಚಿತು. ಅವಳು ನಿಂತಳು. ಕಿವಿ ಹಿಂದಕ್ಕೆ ಹೋಯ್ತು. ನಾನು ಹಗ್ಗ ಸಡಿಲ ಬಿಟ್ಟು ಸುಮ್ನೆ ನಿಂತೆ. ಆ ಕತ್ತರಿಸಿದ ಕಿವಿಯ ತುದಿ ಒಂದು ಸಲ ಅದುರಿತು. ಆಮೇಲೆ ಮೂಗು ಮೇಲೆದ್ದಿತು. ಸರ ಸರ ಅಂತ ಉಸಿರು ಎಳೆಯುವ ಸದ್ದು ನನಗೇ ಕೇಳಿಸಿತು. ಆರನೇ ಡಬ್ಬ ದಾಟಿದವಳು ಯಾರೋ ಕರೆದ ಹಾಗೆ ಗಕ್ಕನೆ ಹಿಂದೆ ತಿರುಗಿದಳು. ಡಬ್ಬದ ಮೂಲೆಗೆ ಮೂಗು ಒತ್ತಿ ನನ್ನ ಮುಖ ನೋಡಿದಳು. ಬಾಲ ಹೊಟ್ಟೆಯ ಕೆಳಗಿಂದ ನಿಧಾನವಾಗಿ ಬಿಚ್ಚಿಕೊಂಡು ಬೆನ್ನ ಮೇಲೆ ಸುರುಳಿಯಾಯ್ತು. ಬೀದಿಯಲ್ಲಿ ಇರುವಾಗ ಅವಳ ಬಾಲ ಹಾಗೇ ಇರುತ್ತಿತ್ತಂತೆ, ಹೂವಿನ ಅಕ್ಕ ಹೇಳಿದ್ದರು. ನಾನು ನೋಡಿದ್ದು ಅದೇ ಮೊದಲು.

"ಅಲರ್ಟ್" ಅನ್ನುವಾಗ ನನ್ನ ದನಿ ನಡುಗಿತು. ಜಡ್ಜ್ "ಯೆಸ್" ಅಂದರು, ಮೆಲ್ಲಗೆ. ಬಾಗಿಲಾಚೆ ಸಾಲಿನಲ್ಲಿ ನಿಂತವರು ಚಪ್ಪಾಳೆ ತಟ್ಟಲಿಲ್ಲ. ಹೆದರುವ ನಾಯಿ ಅಂತ ಯಾರೋ ಮೊದಲೇ ಹೇಳಿಟ್ಟಿದ್ದರಂತೆ. ಎಲ್ಲರೂ ಎರಡೂ ಕೈ ಮೇಲೆತ್ತಿ, ಬೆರಳು ಆಡಿಸುತ್ತಾ ನಿಂತಿದ್ದರು. ಕೆಂಚಿ ಅವರನ್ನು ನೋಡಿದಳು. ಆಮೇಲೆ ನನ್ನ ಕೈಯಿಂದ ಚೀಸ್ ತಿಂದಳು.

ಮುಂದಿನ ತಿಂಗಳು ಹೊರಾಂಗಣದ ವಿಭಾಗಕ್ಕೆ ಹೆಸರು ಕೊಟ್ಟಿದ್ದೇವೆ. ಅಷ್ಟರಲ್ಲಿ ಹೂವಿನ ಅಕ್ಕನಿಗೆ ತೋರಿಸಲು ರಿಬ್ಬನ್ ಜೊತೆಗಿನ ಫೋಟೋವನ್ನು ಅಪ್ಪಾಜಿಗೆ ಕಳಿಸಿದ್ದೇನೆ. ಸ್ಪರ್ಧೆಯ ದಿನ ಆ ಕಡೆ ಬರುವವರು ಇದ್ದರೆ, ಮರಗಳ ಪಕ್ಕ ಕೊನೆಯಲ್ಲಿ ನಿಂತಿರುವ ನೀಲಿ ಕಾರು ನಮ್ಮದು. ಅಲ್ಲಿಂದಲೇ ಕೈ ಎತ್ತಿ ಬೆರಳು ಆಡಿಸಿ, ನಾವು ನೋಡುತ್ತೇವೆ.