ಗುಳೆ ಹೋದ ಮಕ್ಕಳ ಬಗ್ಗೆ, ಮಗಳಿಗೆ

ಕಲಬುರಗಿ

ಪ್ರೀತಿಯ ಗೌರಿಗೆ ಅವ್ವನ ಆಶೀರ್ವಾದಗಳು.

ದೀಪಾವಳಿ ಆದ ಮೇಲೆ ಕ್ಲಾಸು ಅರ್ಧ ಖಾಲಿ ಆಗಿದೆ, ಯಾರಿಗೆ ಪಾಠ ಮಾಡಲಿ ಅಂತ ಫೋನಿನಲ್ಲಿ ಕೇಳಿದೆಯಲ್ಲ, ಅದಕ್ಕೇ ಈ ಪತ್ರ.

ನಿನ್ನ ಶಾಲೆ ಇರುವ ಯಾದಗಿರಿ ಕಡೆಯ ತಾಂಡಾಗಳಲ್ಲಿ ಇದು ಪ್ರತಿ ವರ್ಷ ಇದ್ದದ್ದೇ. ಮುಂಬೈ, ಪುಣೆ, ಬೆಂಗಳೂರು ಅಂತ ಜನ ಗುಳೆ ಹೋಗುತ್ತಾರೆ, ಮಕ್ಕಳನ್ನೂ ಕರೆದುಕೊಂಡು ಹೋಗುತ್ತಾರೆ. 2011ರ ಜನಗಣತಿಯಲ್ಲಿ ರಾಜ್ಯದಲ್ಲೇ ಅತಿ ಕಡಿಮೆ ಸಾಕ್ಷರತೆ ಇದ್ದದ್ದು ಯಾದಗಿರಿಯಲ್ಲಿ. ಹೆಣ್ಣುಮಕ್ಕಳ ಲೆಕ್ಕ ಇನ್ನೂ ಕೆಳಗೆ.

ನೀನು ಕೇಳಿದಾಗ ನನಗೆ ನೆನಪಾದವರು ನಮಗೆ ಕಲಿಸಿದ ಕಾನ್ವೆಂಟಿನ ಸಿಸ್ಟರುಗಳು, ಆ ಕ್ರೈಸ್ತ ಸನ್ಯಾಸಿನಿಯರು. ಹಣೆಗೆ ವಿಭೂತಿ ಹಚ್ಚಿಕೊಂಡೇ ಅವರ ಶಾಲೆಗೆ ಹೋಗುತ್ತಿದ್ದೆ. ಯಾರೂ ಒರೆಸಿಕೋ ಅನ್ನಲಿಲ್ಲ. ಏಳನೇ ಕ್ಲಾಸಿನಲ್ಲಿ ನಮ್ಮ ಜೊತೆಯ ಒಬ್ಬಳನ್ನು ಹತ್ತಿ ಬಿಡಿಸಲು ಅಂತ ಶಾಲೆ ಬಿಡಿಸಿದರು. ಸಂಜೆ ಸಿಸ್ಟರ್ ನನ್ನನ್ನೂ ಇನ್ನೊಬ್ಬ ಗೆಳತಿಯನ್ನೂ ಕರೆದುಕೊಂಡು ಅವಳ ಮನೆಗೆ ಹೊರಟರು. ಅವಳ ಅಪ್ಪನ ಹತ್ತಿರ ವಾದ ಮಾಡಲಿಲ್ಲ. ಪಡಸಾಲೆಯಲ್ಲಿ ಅಜ್ಜಿಯ ಪಕ್ಕ ಕೂತರು, ನೀರು ಕೇಳಿ ಕುಡಿದರು. ಹತ್ತಿ ಇನ್ನೂ ಎಷ್ಟು ದಿನ ಇರುತ್ತದೆ, ಕೂಲಿ ಎಷ್ಟು ಕೊಡುತ್ತಾರೆ ಅಂತ ವಿಚಾರಿಸಿದರು. ಅವರದು ಮಂಗಳೂರು ಕಡೆಯ ಕನ್ನಡ, ಅಜ್ಜಿಗೆ ಅರ್ಧ ತಿಳಿಯುತ್ತಿತ್ತು. ಮುಂದಿನ ವಾರ ಮತ್ತೆ ಹೋದರು. ಹಂಗಾಮು ಮುಗಿದ ಮೇಲೆ ಆ ಹುಡುಗಿ ಬಂದಳು. ಬಿಟ್ಟುಹೋದ ಪಾಠ ಅವಳಿಗೆ ಹೇಳಿಕೊಡುವ ಕೆಲಸ ನಮಗೇ ಬಿತ್ತು.

ಹೀಗೆ ಕಲಿಸಲು ಅಂತ ಮನೆ ಬಿಟ್ಟು ಬಂದ ಸಿಸ್ಟರುಗಳ ಸಾಲು ದೊಡ್ಡದು. ಸೋಫಿ ಲೀವ್ಸ್ ಅನ್ನುವ ಹೆಣ್ಣುಮಗಳು ಮದರ್ ವೆರೋನಿಕಾ ಆಗಿ, 1868ರಲ್ಲಿ ಫ್ರಾನ್ಸಿನಲ್ಲಿ ಅಪೋಸ್ಟೋಲಿಕ್ ಕಾರ್ಮೆಲ್ ಅನ್ನುವ ಸಿಸ್ಟರುಗಳ ಸಂಸ್ಥೆ ಕಟ್ಟಿದರು. 1870ರಲ್ಲಿ ಆ ಸಿಸ್ಟರುಗಳು ಮಂಗಳೂರಿಗೆ ಬಂದು ಹೆಣ್ಣುಮಕ್ಕಳಿಗೆ ಕಲಿಸತೊಡಗಿದರು. 1921ರಲ್ಲಿ ಅವರದೇ ಸಂತ ಆಗ್ನೆಸ್ ಕಾಲೇಜು ಶುರುವಾಯಿತು. ಮಗಳನ್ನು ದೂರದ ಊರಿಗೆ ಕಳಿಸಲು ಹೆದರುವ ಮನೆಯವರಿಗೆ ಅದು ಎಷ್ಟು ದೊಡ್ಡ ಆಸರೆ, ನೀನೇ ಯೋಚಿಸು. ಕಲಬುರಗಿ, ಬೀದರ್, ಯಾದಗಿರಿ ಸೇರಿಸಿ ನಮ್ಮ ಕಡೆಗೆ ಬೇರೆ ಧರ್ಮಪ್ರಾಂತ್ಯ, ಅಂದರೆ ಒಬ್ಬ ಬಿಷಪ್ಪರ ಕೈಕೆಳಗಿನ ಕ್ಯಾಥೋಲಿಕ್ ಪ್ರದೇಶ, ಆದದ್ದು 2005ರಲ್ಲಿ. ಸಿಸ್ಟರುಗಳು ಅದಕ್ಕೂ ಮೊದಲೇ ಇಲ್ಲಿದ್ದರು.

ಈಗ ಕಾನ್ವೆಂಟ್ ಅಂದರೆ ಜನಕ್ಕೆ ಕಾಣುವುದು ಇಂಗ್ಲಿಷು, ಫೀಸು, ಸೀಟಿನ ಗದ್ದಲ. ನನಗೆ ಇದು ನಿಜವಾಗಿ ನೋವು. ಆದರೆ ದುಡ್ಡಿದ್ದವರ ಮಕ್ಕಳು ಮಾತ್ರ ಒಳಗೆ ಯಾಕೆ ಅಂತ ಗಟ್ಟಿಯಾಗಿ ಕೇಳಿದವರೂ ಒಬ್ಬ ಸಿಸ್ಟರೇ. ಐರ್ಲೆಂಡಿನ ಸಿಸ್ಟರ್ ಸಿರಿಲ್ ಮೂನಿ 1979ರಲ್ಲಿ ಕೋಲ್ಕತ್ತಾದ ಸಿಯಾಲ್ದಾ ಲೊರೆಟೊ ಶಾಲೆಯ ಮುಖ್ಯಸ್ಥೆ ಆದರು. ಬರಬರುತ್ತಾ ಶಾಲೆಯ ಅರ್ಧದಷ್ಟು ಮಕ್ಕಳು ಫೀಸಿಲ್ಲದೆ ಓದುವ ಬಡವರ ಮಕ್ಕಳಾದರು. ಬೀದಿಯಲ್ಲಿ ಬೆಳೆಯುವ ಮಕ್ಕಳು ದಿನದ ಯಾವ ಹೊತ್ತಿಗಾದರೂ ಬರಬಹುದಿತ್ತು. ಬಂದ ಮಗುವಿನ ಪಕ್ಕ ಶಾಲೆಯದೇ ಒಬ್ಬ ದೊಡ್ಡ ಹುಡುಗಿ ಕೂತು ಅಕ್ಷರ ಹೇಳಿಕೊಡುತ್ತಿದ್ದಳು. ಟೀಚರ್ ಸಾಲದು ಅನ್ನುವ ನೆಪವನ್ನೇ ಅವರು ಉಳಿಸಲಿಲ್ಲ. ಗೌರಿ, ನಿನ್ನ ಶಾಲೆಯಲ್ಲೂ ಇದು ಆಗುವಂಥದ್ದೇ, ಅಲ್ವಾ? ಗುಳೆಯಿಂದ ಬಂದ ಮಗು ಎರಡು ತಿಂಗಳ ಪಾಠ ಬಿಟ್ಟಿರುತ್ತದೆ. ಅದನ್ನು ಹಿಂದಿನ ಸಾಲಿನಲ್ಲಿ ಸುಮ್ನೆ ಕೂರಿಸಬೇಡ. ಮೇಲಿನ ಕ್ಲಾಸಿನ ಜಾಣ ಹುಡುಗಿಯೊಬ್ಬಳನ್ನು ಜೊತೆಗೆ ಹಾಕು. ಕಲಿಸುವವಳಿಗೂ ಪಾಠ ಗಟ್ಟಿಯಾಗುತ್ತದೆ. ಸಿಸ್ಟರ್ ಸಿರಿಲ್‌ಗೆ 2007ರಲ್ಲಿ ಪದ್ಮಶ್ರೀ ಬಂತು.

ಅದರ ಹಿಂದಿನ ವರ್ಷ ಪದ್ಮಶ್ರೀ ಪಡೆದ ಸಿಸ್ಟರ್ ಸುಧಾ ವರ್ಗೀಸ್ ಕೇರಳದವರು. ಬಿಹಾರದಲ್ಲಿ ಊರಾಚೆ ಬದುಕುವ ಮುಸಹರ್ ಜನರ ಕೇರಿಯಲ್ಲೇ ಹೋಗಿ ಉಳಿದರು. ಹೆಂಗಸರ ಮೇಲಿನ ದೌರ್ಜನ್ಯ ನೋಡಿ ಕಾನೂನು ಓದಿದರು. ಸೈಕಲ್ ಮೇಲೆ ಊರೂರು ತಿರುಗುತ್ತಿದ್ದದ್ದಕ್ಕೆ ಜನ ಪ್ರೀತಿಯಿಂದ ಸೈಕಲ್ ದೀದಿ ಅಂದರು.

ಅವರಂತೆ ನೀನೂ ಎಲ್ಲ ಬಿಟ್ಟು ತಾಂಡಾದಲ್ಲೇ ಇರು ಅಂತ ನಾನು ಹೇಳುತ್ತಿಲ್ಲ. ನಿನಗೆ ನಿನ್ನ ಸಂಸಾರ, ಮನೆ ಇದೆ. ಆದರೆ ಹಾಜರಿ ಪುಸ್ತಕದಲ್ಲಿ ಗೈರು ಅಂತ ಬರೆದು ಮುಂದಿನ ಹೆಸರಿಗೆ ಹೋಗಬೇಡ. ಸಂಜೆ ಬಸ್ಸಿಗೆ ಮೊದಲು ಒಂದೊಂದು ಮನೆಗೆ ಹೋಗು. ಅಜ್ಜಿಯರು ಊರಲ್ಲೇ ಇರುತ್ತಾರೆ, ಅವರ ಹತ್ತಿರ ಕೂತು ಮಾತಾಡು. ಮಗು ಅಜ್ಜಿಯ ಜೊತೆ ಉಳಿಯುವುದಾದರೆ ಎಷ್ಟೋ ಕೆಲಸ ಆದಂತೆ. ವಲಸೆ ಹೋದವರ ಮಕ್ಕಳಿಗೆ ಹಾಸ್ಟೆಲ್ ವ್ಯವಸ್ಥೆ ಹತ್ತಿರ ಎಲ್ಲಿದೆ ಅಂತ ನಿಮ್ಮ ಕ್ಲಸ್ಟರಿನ ಶಾಲೆಗಳನ್ನು ನೋಡಿಕೊಳ್ಳುವ ಸಿಆರ್‌ಪಿ ಅವರನ್ನು ಈ ವಾರವೇ ಕೇಳು. ಪುಣೆಗೆ ಹೋದವರು ಯಾವ ಸೈಟಿನಲ್ಲಿದ್ದಾರೆ ಅಂತ ಫೋನ್ ನಂಬರ್ ಸಮೇತ ಬರೆದು ಕಳಿಸು. ನಿನ್ನ ಮಾವ ಅಲ್ಲೇ ಇದ್ದಾನಲ್ಲ, ಹತ್ತಿರದ ಶಾಲೆಗೆ ಸೇರಿಸಲು ಆಗುತ್ತದಾ ನೋಡು ಅಂತ ಅವನಿಗೆ ಹೇಳುತ್ತೇನೆ.

ನಿನ್ನ ಅವ್ವ